ಪ್ಲೇ ಒತ್ತಿದರೆ ದುಡ್ಡು ಯಾರ ಜೇಬಿಗೆ?

ಯಾವುದಾದರೂ ಗಾಯಕನ ಬಗ್ಗೆ ಕೆಟ್ಟ ಸುದ್ದಿ ಬಂದರೆ ಸಾಕು, ಗೊತ್ತಿದ್ದವರೆಲ್ಲ ನನ್ನನ್ನು ಹಿಡಿದು ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ಇನ್ಮೇಲೆ ಅವನ ಹಾಡು ಕೇಳಬಹುದಾ?" ನಾನು ಕಾಪಿರೈಟ್ ವಕೀಲ. ಹಾಡಿನ ಹಕ್ಕು, ರಾಯಲ್ಟಿ, ಕಛೇರಿಗಳ ಅಗ್ರಿಮೆಂಟು, ಇವೇ ನನ್ನ ಹೊಟ್ಟೆಪಾಡು. ಹಾಗಾಗಿ ನನ್ನ ಹತ್ತಿರ ಕಾನೂನಿನ ಉತ್ತರ ಇರುತ್ತದೆ ಅಂತ ಅವರ ನಿರೀಕ್ಷೆ. ಇಲ್ಲ. ಹಾಡು ಕೇಳೋದು ಅಪರಾಧ ಅಲ್ಲ, ಕಾನೂನು ಹೇಳೋದು ಅಷ್ಟೇ.

ಆದರೆ ಆ ಪ್ರಶ್ನೆಯನ್ನು ಸ್ವಲ್ಪ ಕೆದಕಿದರೆ ಒಳಗಿನಿಂದ ಬೇರೆ ಪ್ರಶ್ನೆಗಳು ಎದ್ದು ಬರುತ್ತವೆ. ನಾನು ಕೇಳಿದರೆ ಅವನಿಗೆ ದುಡ್ಡು ಹೋಗುತ್ತದಾ? ಅವನಿಗೆ ಇನ್ನೂ ವೇದಿಕೆ ಸಿಗುವುದಕ್ಕೆ ನಾನೂ ಕಾರಣನಾ? ಇವಕ್ಕೆ ಉತ್ತರ ಇದೆ. ಮೊದಲನೆಯದಕ್ಕಂತೂ ಕಾಗದದ ಮೇಲೇ ಇದೆ.

ಕಾನೂನಿನ ಕಣ್ಣಿಗೆ ಹಾಡು ಒಂದೇ ಸ್ವತ್ತಲ್ಲ. ಸಾಹಿತ್ಯ ಒಬ್ಬರದು, ಟ್ಯೂನ್ ಇನ್ನೊಬ್ಬರದು, ರೆಕಾರ್ಡಿಂಗ್ ಮತ್ತೊಬ್ಬರದು. ನಮ್ಮ ಸಿನಿಮಾ ಹಾಡುಗಳ ರೆಕಾರ್ಡಿಂಗ್ ಸಾಮಾನ್ಯವಾಗಿ ಆಡಿಯೋ ಕಂಪನಿಯ ಕೈಯಲ್ಲಿರುತ್ತದೆ. ಗಾಯಕರಿಗೆ ಹಾಡಿದ ದಿನ ಒಂದು ಮೊತ್ತ ಕೊಟ್ಟು ಕೈತೊಳೆದುಕೊಳ್ಳುವುದು ಎಷ್ಟೋ ವರ್ಷ ನಡೆದು ಬಂದ ಪದ್ಧತಿ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಅದಾದ ಮೇಲೆ ಸಾಹಿತಿ ಮತ್ತು ಸಂಗೀತ ನಿರ್ದೇಶಕರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಗಾಯಕರಿಗೂ ರಾಯಲ್ಟಿಯ ಹಕ್ಕು ಬಂತು. ಅಂದರೆ ಹಳೆಯ ಹಾಡು, ಹೊಸ ಹಾಡು, ಆರೋಪ ಬಂದಿರೋದು ಹಾಡಿದವನ ಮೇಲಾ, ಬರೆದವನ ಮೇಲಾ, ಇದರ ಮೇಲೆ ಲೆಕ್ಕ ಬದಲಾಗುತ್ತದೆ.

ಇನ್ನು ಸ್ಟ್ರೀಮಿಂಗ್. ನೀವು ತಿಂಗಳಿಗೆ ಕಟ್ಟುವ ದುಡ್ಡು ನೀವು ಕೇಳಿದವರಿಗೆ ಮಾತ್ರ ಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಹುತೇಕ ಕಡೆ ಹಾಗಿಲ್ಲ. ಅದು ದೇವಸ್ಥಾನದ ಹುಂಡಿ ಇದ್ದ ಹಾಗೆ. ಎಲ್ಲರ ದುಡ್ಡೂ ಒಟ್ಟಿಗೆ ಬೀಳುತ್ತದೆ, ಆಮೇಲೆ ಒಟ್ಟು ಪ್ಲೇಗಳಲ್ಲಿ ಯಾರ ಹಾಡು ಎಷ್ಟು ಅಂತ ನೋಡಿ ಹಂಚುತ್ತಾರೆ. ನೀವು ಒಬ್ಬನ ಹಾಡನ್ನು ಒಂದು ಸಲವೂ ಕೇಳದಿದ್ದರೂ ನಿಮ್ಮ ದುಡ್ಡಿನ ಒಂದು ಚೂರು ಅವನ ಕಡೆ ಹೋಗಬಹುದು, ಬೇರೆಯವರು ಕೇಳುತ್ತಿದ್ದರೆ. ಕೇಳಿದರೂ ನಿಮ್ಮೊಬ್ಬರ ಪ್ಲೇಗೆ ಸಿಗೋದು ಪೈಸೆಗಳ ಲೆಕ್ಕ. ಆ್ಯಪ್‌ನಲ್ಲಿ ಹಾಡನ್ನು ಸ್ಕಿಪ್ ಮಾಡಿ ದೊಡ್ಡ ತ್ಯಾಗ ಮಾಡಿದೆ ಅನ್ನೋರಿಗೆ ಇದನ್ನು ಹೇಳಿದರೆ ಸ್ವಲ್ಪ ಬೇಜಾರಾಗುತ್ತದೆ.

ಅಮೆರಿಕದ ಆರ್. ಕೆಲ್ಲಿಯ ವಿಷಯ ತೆಗೆದುಕೊಳ್ಳಿ. 'ಐ ಬಿಲೀವ್ ಐ ಕ್ಯಾನ್ ಫ್ಲೈ' ಹಾಡಿನವನು. ಹುಡುಗಿಯರ ಮೇಲಿನ ದೌರ್ಜನ್ಯದ ಆರೋಪ ಅವನ ಮೇಲೆ ವರ್ಷಗಟ್ಟಲೆ ಇತ್ತು. 2008ರಲ್ಲಿ ಒಂದು ಕೇಸಿನಲ್ಲಿ ಖುಲಾಸೆಯಾದ. 2017ರಲ್ಲಿ ಅಟ್ಲಾಂಟಾದ ಇಬ್ಬರು ಕಪ್ಪು ಮಹಿಳೆಯರು 'ಮ್ಯೂಟ್ ಆರ್. ಕೆಲ್ಲಿ' ಅಂತ ಚಳವಳಿ ಶುರು ಮಾಡಿದರು. 2018ರ ಮೇ ತಿಂಗಳಲ್ಲಿ ಸ್ಪಾಟಿಫೈ ಅವನ ಹಾಡುಗಳನ್ನು ತನ್ನ ಪ್ಲೇಲಿಸ್ಟ್‌ಗಳಿಂದ ತೆಗೆಯಿತು. ಕೆಲವೇ ವಾರಗಳಲ್ಲಿ ಆ ನೀತಿಯನ್ನೇ ವಾಪಸ್ ಪಡೆಯಿತು. 2021ರಲ್ಲಿ ಬ್ರೂಕ್ಲಿನ್‌ನ ಕೋರ್ಟಿನಲ್ಲಿ ತಪ್ಪಿತಸ್ಥ ಅಂತ ಸಾಬೀತಾಯಿತು, 2022ರಲ್ಲಿ 30 ವರ್ಷ ಜೈಲು.

ಅವನ ಹೆಚ್ಚಿನ ಹಾಡುಗಳನ್ನು ಬರೆದವನೂ ಅವನೇ, ಟ್ಯೂನ್ ಹಾಕಿದವನೂ ಅವನೇ, ಹಾಡಿದವನೂ ಅವನೇ. ಅಂಥ ಕಡೆ ದುಡ್ಡಿನ ದಾರಿ ನೇರ. ಆದರೂ ಮುಂದೆ ಏನಾಯಿತು ನೋಡಿ. ಅವನು ಕಟ್ಟಬೇಕಿದ್ದ ದಂಡ ಮತ್ತು ಸಂತ್ರಸ್ತರ ಪರಿಹಾರದ ಬಾಕಿಗಾಗಿ 2023ರಲ್ಲಿ ಕೋರ್ಟು ಯೂನಿವರ್ಸಲ್ ಮ್ಯೂಸಿಕ್ ಬಳಿ ಇದ್ದ ಅವನ ರಾಯಲ್ಟಿಗೆ ಕೈ ಹಾಕಿತು. 5 ಲಕ್ಷ ಡಾಲರ್‌ಗೂ ಜಾಸ್ತಿ. ಅಂದರೆ ಯಾರೋ ಎಲ್ಲೋ ಕುಳಿತು ಕೇಳಿದ ಹಾಡಿನ ದುಡ್ಡು ಆ ಬಾಕಿಗೆ ಜಮಾ ಆಯಿತು. ಕೇಳಿದರೆ ಪಾಪ, ಬಿಟ್ಟರೆ ಪುಣ್ಯ ಅನ್ನುವ ಲೆಕ್ಕ ಇಲ್ಲಿ ಕೂಡಿ ಬರುವುದಿಲ್ಲ.

ಅವನ ಹೆಸರೇ ಕೇಳಿಸದ ಜಾಗದಲ್ಲೂ ಅವನಿರುತ್ತಾನೆ. ಮೈಕಲ್ ಜಾಕ್ಸನ್ ಹಾಡಿದ 'ಯು ಆರ್ ನಾಟ್ ಅಲೋನ್' ಬರೆದವನು ಇದೇ ಕೆಲ್ಲಿ. 2021ರಲ್ಲಿ ರ‍್ಯಾಪ್ ಗಾಯಕ ಡ್ರೇಕ್‌ನ ಆಲ್ಬಂ ಬಂದಾಗ ಒಂದು ಹಾಡಿನ ಬರಹಗಾರರ ಪಟ್ಟಿಯಲ್ಲಿ ಕೆಲ್ಲಿಯ ಹೆಸರು ಕಂಡು ಜನ ಕೂಗಾಡಿದರು. ಅಲ್ಲಿ ಆಗಿದ್ದು ಇಷ್ಟೇ. ಹಾಡಿನ ಶುರುವಿನಲ್ಲಿ ಯಾರೋ ಮಾತಾಡಿದ ಹಳೆಯ ರೆಕಾರ್ಡಿಂಗಿನ ತುಣುಕು ಹಾಕಿದ್ದರು. ಆ ಮಾತಿನ ಹಿಂದೆ ಸಣ್ಣಗೆ ಕೆಲ್ಲಿಯ ಹಾಡೊಂದು ಕೇಳುತ್ತಿತ್ತು. ಹಿನ್ನೆಲೆಯಲ್ಲಿ ಕೇಳಿದರೂ ಹಾಡು ಹಾಡೇ, ಲೈಸೆನ್ಸ್ ಬೇಕು, ಹೆಸರೂ ಹಾಕಬೇಕು. ಕೇಳುಗ ಎಷ್ಟೇ ಎಚ್ಚರವಾಗಿದ್ದರೂ ಇಂಥದ್ದನ್ನೆಲ್ಲ ಹುಡುಕಿಕೊಂಡು ಕೂರೋಕೆ ಆಗುತ್ತದಾ?

ಇದಕ್ಕೆ ಉಲ್ಟಾ ಉದಾಹರಣೆ ಬ್ರಿಟನ್ನಿನ ಗ್ಯಾರಿ ಗ್ಲಿಟರ್. 1972ರ ಅವನ 'ರಾಕ್ ಆ್ಯಂಡ್ ರೋಲ್ ಪಾರ್ಟ್ 2' ಅಮೆರಿಕದ ಸ್ಟೇಡಿಯಂಗಳಲ್ಲಿ ಗೆಲುವಿನ ಕೂಗಾಗಿತ್ತು. ಮಕ್ಕಳ ಮೇಲಿನ ದೌರ್ಜನ್ಯಕ್ಕೆ 2006ರಲ್ಲಿ ವಿಯೆಟ್ನಾಂನಲ್ಲಿ, 2015ರಲ್ಲಿ ಬ್ರಿಟನ್ನಿನಲ್ಲಿ ಶಿಕ್ಷೆಯಾಯಿತು. 2019ರಲ್ಲಿ 'ಜೋಕರ್' ಸಿನಿಮಾದಲ್ಲಿ ಅದೇ ಹಾಡು ಕೇಳಿದಾಗ, ಅವನಿಗೆ ದುಡ್ಡು ಹೋಗುತ್ತಿದೆ ಅಂತ ದೊಡ್ಡ ಗಲಾಟೆ. ಹಕ್ಕು ಹೊಂದಿದ ಕಂಪನಿಗಳು ಅವನಿಗೆ ಏನೂ ಹೋಗುವುದಿಲ್ಲ ಅಂದವು. ಅವನ ಪಾಲು ಯಾವತ್ತೋ ಕೈ ಬದಲಾಗಿತ್ತು. ದುಡ್ಡಿನ ಕಾರಣ ಅಲ್ಲಿಗೆ ಮುಗಿಯಿತು. ಜನರ ಸಿಟ್ಟು ಮುಗಿಯಲಿಲ್ಲ. ಆ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ, ಅದು ದುಡ್ಡಿನ ಮೇಲಿನ ಸಿಟ್ಟಲ್ಲ ಅಂತಷ್ಟೇ.

ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವ ಕೇಸು ಫಿಲ್ ಸ್ಪೆಕ್ಟರ್‌ನದು. 1963ರ 'ಬಿ ಮೈ ಬೇಬಿ' ಹಾಡಿನ ನಿರ್ಮಾಪಕ. ಹಾಡು ಶುರುವಾಗುವುದು ಬರೀ ಡ್ರಮ್ಮಿನಿಂದ. ಕೆಳಗಿನ ಡ್ರಮ್ಮಿಗೆ ಮೂರು ಪೆಟ್ಟು, ಆಮೇಲೆ ಚಟೀರ್ ಅಂತ ಒಂದು. ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋದ ಪ್ರತಿಧ್ವನಿ ಕೋಣೆಗಳಿಂದ ಹಾದುಬಂದ ಆ ಪೆಟ್ಟು ಹಾಲ್ ತುಂಬಾ ಕೇಳಿದ ಹಾಗಿರುತ್ತದೆ. ಆಮೇಲೆ ರಾನಿಯ ದನಿ. ರಾನೆಟ್ಸ್ ಅನ್ನುವ ಹುಡುಗಿಯರ ತಂಡದ ಮುಖ್ಯ ಗಾಯಕಿ. 1968ರಲ್ಲಿ ಅವಳು ಸ್ಪೆಕ್ಟರ್‌ನನ್ನು ಮದುವೆಯಾದಳು. ಅವನು ಅವಳನ್ನು ಮನೆಯಲ್ಲೇ ಕೂಡಿಹಾಕಿದ, ಹೊರಗೆ ಹೋಗದಂತೆ ಚಪ್ಪಲಿ ಬಚ್ಚಿಟ್ಟ ಅಂತ ಅವಳೇ ಹೇಳಿಕೊಂಡಿದ್ದಾಳೆ. 1972ರಲ್ಲಿ ಬರಿಗಾಲಲ್ಲಿ ಓಡಿಹೋದಳು. 2003ರಲ್ಲಿ ಸ್ಪೆಕ್ಟರ್ ಮನೆಯಲ್ಲಿ ಲಾನಾ ಕ್ಲಾರ್ಕ್‌ಸನ್ ಅನ್ನುವ ನಟಿ ಗುಂಡೇಟಿಗೆ ಸತ್ತಳು. 2009ರಲ್ಲಿ ಅವನಿಗೆ ಕೊಲೆ ಅಪರಾಧಕ್ಕೆ ಶಿಕ್ಷೆಯಾಯಿತು. 2021ರಲ್ಲಿ ಜೈಲುವಾಸದಲ್ಲೇ ಸತ್ತ.

ಈಗ ಆ ಹಾಡನ್ನು ಮ್ಯೂಟ್ ಮಾಡೋಣ ಅನ್ನಿ. ಯಾರನ್ನು ಮ್ಯೂಟ್ ಮಾಡಿದ ಹಾಗಾಯಿತು? ಹಾಡಿನಲ್ಲಿ ಕೇಳುವ ದನಿ ಅವನದಲ್ಲ, ಅವನಿಂದ ಅನುಭವಿಸಿದವಳದು. ಆ ತಂಡಕ್ಕೆ ಒಟ್ಟು ಸಿಕ್ಕಿದ್ದು 15,000 ಡಾಲರ್‌ಗಿಂತ ಕಡಿಮೆ ಮುಂಗಡ, ಆಮೇಲೆ ರಾಯಲ್ಟಿ ಏನೂ ಇಲ್ಲ. ಅವರು ಕೋರ್ಟಿಗೆ ಹೋದರು. 2002ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ಕೋರ್ಟು, ರೆಕಾರ್ಡ್ ಮಾರಾಟದ ರಾಯಲ್ಟಿ ಕೊಡಬೇಕು, ಆದರೆ ಸಿನಿಮಾ, ಜಾಹೀರಾತುಗಳಿಗೆ ಕೊಟ್ಟ ಲೈಸೆನ್ಸಿನ ದುಡ್ಡಿನಲ್ಲಿ ಪಾಲಿಲ್ಲ ಅಂದಿತು. ಕಾರಣ, ಅವರು ಸಹಿ ಹಾಕಿದ 1963ರ ಕಾಗದದಲ್ಲಿ ಆ ಹಕ್ಕನ್ನು ತಮಗಾಗಿ ಉಳಿಸಿಕೊಂಡಿರಲಿಲ್ಲ. ಹದಿಹರೆಯ ಆಗಷ್ಟೇ ಮುಗಿಯುತ್ತಿದ್ದ ಹುಡುಗಿಯರು ಹಾಕಿದ ಸಹಿ. ರಾನಿ ಮಾತ್ರ ಆ ಹಾಡನ್ನು ಬಿಡಲಿಲ್ಲ, ವಯಸ್ಸಾದ ಮೇಲೂ ವೇದಿಕೆಯಲ್ಲಿ ಹಾಡಿದಳು. ಕಲಾವಿದನಿಂದ ಕಲೆಯನ್ನು ಬೇರ್ಪಡಿಸಬೇಕಾ ಅಂತ ವಾದ ಮಾಡುವವರು ಒಂದು ಹಾಡಿಗೆ ಒಬ್ಬನೇ ಕಲಾವಿದ ಅಂದುಕೊಂಡು ಮಾತಾಡುತ್ತಾರೆ. ಬಹಳ ಸಲ ವಾದ ದಾರಿ ತಪ್ಪುವುದು ಅಲ್ಲೇ.

ಹಾಗಂತ ಎಲ್ಲ ಹಾಡನ್ನೂ ಬೇರ್ಪಡಿಸಿ ಕೇಳಬಹುದು ಅಂತಲ್ಲ. ಗ್ಲಿಟರ್ ಹಾಡಿನಲ್ಲಿ ಮಾತೇ ಕಡಿಮೆ, 'ಹೇ' ಅನ್ನೋ ಕೂಗು ಜಾಸ್ತಿ. ಆದರೆ 1994ರಲ್ಲಿ ಕೆಲ್ಲಿ, ಆಗ 15 ವರ್ಷದವಳಾಗಿದ್ದ ಗಾಯಕಿ ಆಲಿಯಾಗಾಗಿ ಒಂದು ಆಲ್ಬಂ ಮಾಡಿದ. ಅದರ ಶೀರ್ಷಿಕೆ ಹಾಡು ಬರೆದವನು ಅವನೇ. ವಯಸ್ಸು ಬರೀ ಒಂದು ಸಂಖ್ಯೆ ಅಂತ ಹೇಳುವ ಹಾಡು. ಅದೇ ವರ್ಷ ಸುಳ್ಳು ವಯಸ್ಸು ತೋರಿಸಿ ಅವಳನ್ನು ಮದುವೆಯಾದ. ಆಮೇಲೆ ಆ ಮದುವೆ ರದ್ದಾಯಿತು. ಇಲ್ಲೂ ದನಿ ಹುಡುಗಿಯದೇ. ಆದರೆ ಮಾಡಿದ ಕೆಲಸವೇ ಹಾಡಿನ ಸಾಲಾಗಿ ಕೂತಿದೆ. ಇದನ್ನು ಹೇಗೆ ಬೇರ್ಪಡಿಸ್ತೀರಿ? ನನಗಂತೂ ಆಗಲ್ಲ.

ದುಡ್ಡಿನ ಮಾತೇ ಇಲ್ಲದ ಪ್ರಕರಣವೂ ಇದೆ. ಜರ್ಮನಿಯ ಸಂಗೀತ ರಚನೆಕಾರ ವಾಗ್ನರ್ 1883ರಲ್ಲೇ ಸತ್ತ. ಯಹೂದಿಗಳ ಮೇಲೆ ವಿಷ ಕಾರಿ ಬರೆದವನು, ನಾಜಿಗಳ ನೆಚ್ಚಿನವನು. ಮುಂದೆ ಇಸ್ರೇಲ್ ಆದ ನಾಡಿನ ಆರ್ಕೆಸ್ಟ್ರಾ 1938ರಿಂದ ಅವನ ಸಂಗೀತ ನುಡಿಸುವುದು ಬಿಟ್ಟಿತು. ಇಸ್ರೇಲ್‌ನಲ್ಲಿ ಇದು ಕಾನೂನಲ್ಲ, ರೂಢಿ. 2001ರಲ್ಲಿ ಜೆರುಸಲೇಂನಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಡೇನಿಯಲ್ ಬಾರೆನ್‌ಬಾಯ್ಮ್ ತನ್ನ ಕಛೇರಿ ಮುಗಿದ ಮೇಲೆ, ವಾಗ್ನರ್ ನುಡಿಸಲಾ ಅಂತ ಸಭೆಯನ್ನೇ ಕೇಳಿದ. ಅರ್ಧ ಗಂಟೆ ಚರ್ಚೆಯಾಯಿತು. ಬೇಡ ಅಂದವರು ಕೆಲವರು ಎದ್ದು ಹೋದರು, ಉಳಿದವರು ಕೇಳಿದರು. ಮನೆಯಲ್ಲಿ ಅವನ ರೆಕಾರ್ಡ್ ಹಾಕಿಕೊಳ್ಳುವುದಕ್ಕೆ ಅಲ್ಲಿ ಯಾರೂ ಅಡ್ಡ ಬರುವುದಿಲ್ಲ. ಜಗಳ ಇರೋದು ಸಭೆಯಲ್ಲಿ, ಪಕ್ಕದ ಸೀಟಿನಲ್ಲಿ ನೊಂದವರು ಕೂತಿರುವಾಗ.

ನನ್ನ ಮಟ್ಟಿಗೆ ಗೆರೆ ಅಲ್ಲೇ ಇದೆ. ಇಯರ್‌ಫೋನಿನಲ್ಲಿ ನೀವು ಏನು ಕೇಳ್ತೀರಿ ಅನ್ನೋದು ನಿಮಗೆ ಬಿಟ್ಟದ್ದು. ಬದುಕಿರುವ ಮನುಷ್ಯನಿಗೆ ವೇದಿಕೆ, ಸನ್ಮಾನ, ಮೇಷ್ಟರ ಕುರ್ಚಿ ಕೊಡುವುದು ಬೇರೆ. ರೆಕಾರ್ಡಿಂಗ್ ಯಾರನ್ನೂ ಕೋಣೆಗೆ ಕರೆಯುವುದಿಲ್ಲ. ವೇದಿಕೆ ಇದ್ದವನ ಹತ್ತಿರ ಮಕ್ಕಳು ಪಾಠಕ್ಕೆ ಹೋಗುತ್ತಾರೆ. 2018ರ ಅಕ್ಟೋಬರಿನಲ್ಲಿ, ಮೀ ಟೂ ದೂರುಗಳು ಬಂದಾಗ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಆ ವರ್ಷದ ಡಿಸೆಂಬರ್ ಸೀಸನ್ನಿನಿಂದ ಏಳು ಕಲಾವಿದರನ್ನು ಕೈಬಿಟ್ಟಿತು. ಕೋರ್ಟಿನ ತೀರ್ಪು ಇರಲಿಲ್ಲ, ಆರೋಪಗಳಿದ್ದವು. ಆಗ ಬೆಂಗಳೂರಿನ ರಸಿಕರಲ್ಲೂ ಈ ವಾದ ಜೋರಾಗಿ ನಡೆಯಿತು, ಕಲಾವಿದರು ಎರಡೂ ಊರಿಗೆ ಸೇರಿದವರೇ ತಾನೇ. ಸಂಗೀತ ಬೇರೆ, ನಡತೆ ಬೇರೆ ಅಂತ ಅಂದಿನ ಕಟ್ಟಾ ರಸಿಕರ ಪಟ್ಟು. ಸಂಗೀತ ಬೇರೆ ಇರಬಹುದು, ಕಛೇರಿಯ ಆಹ್ವಾನ ಸಂಗೀತವಲ್ಲವಲ್ಲ.

ಈಗ ಆಯೋಜಕರು ಅಗ್ರಿಮೆಂಟಿನಲ್ಲಿ ನಡತೆಯ ಷರತ್ತು ಹಾಕಿಸುತ್ತಾರೆ. ಕಲಾವಿದನ ಮೇಲೆ ಗಂಭೀರ ಆರೋಪ ಬಂದರೆ ಕಾರ್ಯಕ್ರಮ ರದ್ದು ಮಾಡಬಹುದು, ಮುಂಗಡ ವಾಪಸ್ ಕೊಡಬೇಕು ಅಂತ. ಕುಸ್ತಿ ನಡೆಯೋದು 'ಆರೋಪ' ಅಂದರೆ ಯಾವ ಹಂತ ಅನ್ನೋದರ ಮೇಲೆ. ಆಯೋಜಕರು ಎಫ್‌ಐಆರ್ ಸಾಕು ಅಂತಾರೆ, ಕಲಾವಿದರ ಕಡೆಯವರು ಶಿಕ್ಷೆ ಆಗಲಿ ಅಂತಾರೆ. ಎಫ್‌ಐಆರ್ ಬರೀ ದೂರಿನ ದಾಖಲೆ. ಶಿಕ್ಷೆಗೆ ಕಾದರೆ ವರ್ಷಗಳೇ ಹೋಗುತ್ತವೆ. ನಾನು ಸಾಮಾನ್ಯವಾಗಿ ಚಾರ್ಜ್‌ಶೀಟ್, ಇಲ್ಲವೇ ದೂರು ಸಮಿತಿಯ ವರದಿ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು ಅಂತ ಬರೆಯುತ್ತೇನೆ. ಎರಡೂ ಕಡೆಯವರು ಗೊಣಗುತ್ತಾ ಸಹಿ ಹಾಕುತ್ತಾರೆ.

ಆ ದೂರು ಸಮಿತಿ ಎಲ್ಲಿದೆ ಅನ್ನೋದೇ ಎಷ್ಟೋ ವಿದ್ಯಾರ್ಥಿನಿಯರಿಗೆ ಗೊತ್ತಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಿಲ್ಲದ ಕಡೆಗೆ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ. ಗುರುಗಳ ಮನೆಯ ಪಾಠದ ಕೋಣೆ ಈ ಕಾಯ್ದೆಯೊಳಗೆ ಬರುತ್ತದಾ ಅನ್ನೋದು ವಾದಕ್ಕೆ ಬಿಟ್ಟ ವಿಷಯ. ಬರುತ್ತದೆ ಅಂತ ನಾನು ವಾದಿಸುತ್ತೇನೆ, ಯಾಕೆಂದರೆ ಕಾಯ್ದೆಯಲ್ಲಿ ಕೆಲಸದ ಜಾಗ ಅನ್ನುವುದರೊಳಗೆ ವಾಸದ ಮನೆಯನ್ನೂ ಸೇರಿಸಿದ್ದಾರೆ. ದೂರು ಕೊಡಲು ಮೂರು ತಿಂಗಳ ಗಡುವು, ಸಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಹುಡುಗಿ ಚಿಕ್ಕವಳಾಗಿದ್ದರೆ ಇದಕ್ಕೆಲ್ಲ ಕಾಯಬೇಡಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಅಡಿಯಲ್ಲಿ ನೇರವಾಗಿ ಪೊಲೀಸರ ಹತ್ತಿರ ಹೋಗಿ.