ಮುದ್ದೆ ಸರಿ, ಹಿಟ್ಟು ಎಷ್ಟು?

"ಅಮ್ಮಂಗೆ ಶುಗರ್ ಅಂತ ಗೊತ್ತಾಯ್ತು. ರಾಗಿ ಕೊಡಬಹುದಾ?"

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೆ ಬೇಕಾದರೂ ಈ ಪ್ರಶ್ನೆ ಹಾಕಿ ನೋಡಿ. ಕೈಯಲ್ಲಿರುವ ಕಾಫಿ ಆರುವಷ್ಟರಲ್ಲಿ ಇಪ್ಪತ್ತು ಉತ್ತರ ಬಂದಿರುತ್ತದೆ. ಧಾರಾಳವಾಗಿ ಕೊಡಿ. ಬೇಡಿ, ರಾಗಿಯೂ ಪಿಷ್ಟವೇ. ರಾಗಿಗಿಂತ ನವಣೆ ಮೇಲು. ನವಣೆಗಿಂತ ಊದಲು. ನಮ್ಮ ಮಾವ ಎರಡು ತಿಂಗಳು ಮುದ್ದೆ ತಿಂದು ಮಾತ್ರೆಯನ್ನೇ ಬಿಟ್ಟರು. ಎಲ್ಲವನ್ನೂ ಓದಿ ಮುಗಿಸಿದರೆ ಆ "ಎರಡು ತಿಂಗಳು" ಬಿಟ್ಟು ಬೇರೊಂದು ಅಂಕಿ ಇರುವುದಿಲ್ಲ. ಎಷ್ಟು ಗ್ರಾಂ ಹಿಟ್ಟು? ಎಷ್ಟು ಅನ್ನದ ಬದಲಿಗೆ? ಜೊತೆಗೆ ಏನಿತ್ತು? ಕೇಳಿದವರೂ ಕೇಳಲಿಲ್ಲ, ಹೇಳಿದವರೂ ಹೇಳಲಿಲ್ಲ.

ಸಲಹೆ ಕೊಟ್ಟವರು ಏನು ಓದಿದ್ದಾರೆ ಎಂದು ವಿಚಾರಿಸುವುದು ಒಳ್ಳೆಯದೇ. ಜಾಹೀರಾತು ಮಾನದಂಡ ಮಂಡಳಿಯೂ 2023ರ ಆಗಸ್ಟಿನಲ್ಲಿ, ಆರೋಗ್ಯದ ಬಗ್ಗೆ ಸಲಹೆ ಕೊಡುತ್ತಾ ಪ್ರಚಾರ ಮಾಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ವಿದ್ಯಾರ್ಹತೆ ತೋರಿಸಬೇಕು ಎಂದಿತು. ಆದರೆ ಪದವಿ ನೋಡಿ ನಂಬುವವರು ಅಲ್ಲಿಗೇ ನಿಂತುಬಿಡುತ್ತಾರೆ. ಅಳತೆಯಿಲ್ಲದ ಸಲಹೆಯನ್ನು ದೊಡ್ಡ ಡಾಕ್ಟರೇ ಹೇಳಲಿ, ಮೂರನೇ ಮಹಡಿಯ ಆಂಟಿಯೇ ಹೇಳಲಿ, ಅದು ಅರ್ಧ ಸಲಹೆ. ಉಳಿದರ್ಧವನ್ನು ತಿನ್ನುವವರು ತಮ್ಮ ಹಸಿವಿನಿಂದ ತುಂಬಿಕೊಳ್ಳುತ್ತಾರೆ.

ರಾಗಿಯ ಲೆಕ್ಕವನ್ನೇ ಬಿಡಿಸಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 528 ಪದಾರ್ಥಗಳ ವಿವರವಿದೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಪಿಷ್ಟಾದಿಗಳು ಸುಮಾರು 67 ಗ್ರಾಂ, ನಾರು ಸುಮಾರು 11 ಗ್ರಾಂ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಪಿಷ್ಟಾದಿಗಳು ಸುಮಾರು 78, ನಾರು 3 ಗ್ರಾಮಿಗೂ ಕಡಿಮೆ. ರಾಗಿಯೇ ಗೆದ್ದಿತು, ನಾರಿನಲ್ಲಂತೂ ಚೆನ್ನಾಗಿಯೇ ಗೆದ್ದಿತು. ಗ್ರೂಪಿನ ಮಾತು ಇಲ್ಲಿಗೆ ಮುಗಿಯುತ್ತದೆ. ಊಟದ ತಟ್ಟೆಯ ಲೆಕ್ಕ ಶುರುವಾಗುವುದು ಇಲ್ಲಿಂದ.

ಈವರೆಗೆ ಮಧ್ಯಾಹ್ನ 75 ಗ್ರಾಂ ಅಕ್ಕಿಯ ಅನ್ನ ಉಣ್ಣುತ್ತಿದ್ದವರಿಗೆ ಸಿಗುತ್ತಿದ್ದ ಪಿಷ್ಟ 59 ಗ್ರಾಂ. ಈಗ ಅದರ ಬದಲು ಒಂದು ದಪ್ಪ ಮುದ್ದೆ. ಅದಕ್ಕೆ ಹೋದ ಹಿಟ್ಟು 100 ಗ್ರಾಂ, ಪಿಷ್ಟ 67. ಮುದ್ದೆ ಮುಗಿದ ಮೇಲೆ ನಮ್ಮ ಕಡೆಯ ಪದ್ಧತಿಯಂತೆ "ಮಜ್ಜಿಗೆಗೆ ಒಂದು ತುತ್ತು ಅನ್ನ". ಆ ಒಂದು ತುತ್ತು 40 ಗ್ರಾಂ ಅಕ್ಕಿಯದ್ದಾಗಿರುತ್ತದೆ, ಪಿಷ್ಟ ಇನ್ನೊಂದು 31. ಒಟ್ಟು 98. ಅನ್ನ ಬಿಟ್ಟು ರಾಗಿ ಹಿಡಿದವರ ತಟ್ಟೆಯಲ್ಲಿ ಪಿಷ್ಟ 59ರಿಂದ 98ಕ್ಕೆ ಏರಿತು. ಆಮೇಲೆ ಶುಗರ್ ಇಳಿಯಲಿಲ್ಲವೆಂದು ರಾಗಿಯ ಮೇಲೆ ಮುನಿಸು, ಅಲ್ಲಿಂದ ನವಣೆಗೆ ವಲಸೆ, ನವಣೆಯಿಂದ ಮುಂದಿನ ಫಾರ್ವರ್ಡಿಗೆ.

ತೂಗುವುದು ಹೇಗೆ ಎನ್ನುವುದರಲ್ಲೂ ಎಡವುತ್ತಾರೆ. ಬೆಂದ ಮುದ್ದೆಯನ್ನು ತೂಗಿ ಉಪಯೋಗವಿಲ್ಲ. ನೀರು ಹೆಚ್ಚು ಕುಡಿದ ಮೆತ್ತನೆ ಮುದ್ದೆಗೂ ಗಟ್ಟಿ ಮುದ್ದೆಗೂ ತೂಕ ಒಂದೇ ಬಂದರೂ ಒಳಗಿನ ಹಿಟ್ಟು ಬೇರೆ. ಒಣ ಹಿಟ್ಟನ್ನೇ ತೂಗಿ. ನಾಲ್ಕು ಮುದ್ದೆಗೆ 320 ಗ್ರಾಂ ಹಿಟ್ಟು ಹೋದರೆ ತಲಾ 80. ಎಸರಿಗೆ ಅಕ್ಕಿ ನುಚ್ಚನ್ನೋ ಉಳಿದ ಅನ್ನವನ್ನೋ ಹಾಕುವ ಮನೆಗಳಲ್ಲಿ ಅದೂ ಲೆಕ್ಕಕ್ಕೆ ಸೇರಬೇಕು. ಲೋಟದಲ್ಲೇ ಅಳೆಯುತ್ತೇನೆ ಎಂದರೆ ಆಗಲಿ, ಅದೇ ಲೋಟಕ್ಕೆ ಒಮ್ಮೆ ಹಿಟ್ಟು ತುಂಬಿ, ಮೇಲ್ಭಾಗ ಸಮ ಮಾಡಿ, ತಕ್ಕಡಿಗಿಟ್ಟು ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಒತ್ತಿ ತುಂಬಿದ್ದಕ್ಕೂ ಸಡಿಲವಾಗಿ ತುಂಬಿದ್ದಕ್ಕೂ ಇಪ್ಪತ್ತು ಗ್ರಾಂ ಸುಲಭವಾಗಿ ವ್ಯತ್ಯಾಸ ಬರುತ್ತದೆ.

ಇನ್ನು ಆ ಕೋಷ್ಟಕದ ಅಂಕಿಗಳನ್ನೇ ಎತ್ತಿಕೊಂಡು ಬರುವವರೂ ಇದ್ದಾರೆ. "ಹಾಲಿಗಿಂತ ರಾಗಿಯಲ್ಲಿ ಮೂರು ಪಟ್ಟು ಕ್ಯಾಲ್ಸಿಯಂ." ಅಂಕಿ ಸುಳ್ಳಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ, 100 ಗ್ರಾಂ ಹಾಲಿನಲ್ಲಿ ಸುಮಾರು 120. ಆದರೆ ಕೋಷ್ಟಕದ ರಾಗಿ ಒಣಗಿದ್ದು, ಹಾಲು ನೀರಿನ ಸಮೇತ ಇರುವುದು. ಹಾಲು ಬಿಡಿಸಿ ಒಂದು ಲೋಟ ರಾಗಿ ಅಂಬಲಿ ಹಿಡಿಸಿದ ಮನೆಯಲ್ಲಿ ಆಗಿದ್ದೇನು? ಅಂಬಲಿಗೆ ಹೋದ ಹಿಟ್ಟು 20 ಗ್ರಾಂ, ಕ್ಯಾಲ್ಸಿಯಂ 70 ಮಿಲಿಗ್ರಾಂ ಚಿಲ್ಲರೆ. ಬಿಟ್ಟ 200 ಮಿಲಿ ಹಾಲಿನಲ್ಲಿ ಇದ್ದಿದ್ದು 240. ರಾಗಿಯಲ್ಲಿರುವ ಫೈಟೇಟ್ ಅಂಶ ಆ ಎಪ್ಪತ್ತರಲ್ಲೂ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಬಲಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮಜ್ಜಿಗೆ ಬೆರೆಸಿದ ಅಂಬಲಿಯಷ್ಟು ಹಿತವಾದದ್ದು ಏಪ್ರಿಲ್ ತಿಂಗಳಲ್ಲಿ ಇನ್ನೊಂದಿಲ್ಲ. ಹಾಲಿನ ಜಾಗಕ್ಕೆ ಅದನ್ನು ಕೂರಿಸಿದ್ದಷ್ಟೇ ತಪ್ಪು.

"ನಮ್ಮ ಮಾವನಿಗೆ ಕೆಲಸ ಮಾಡಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಅವರು ಸೇರಿಸಿದ್ದನ್ನು ಹೇಳುತ್ತಾರೆ, ಬಿಟ್ಟಿದ್ದನ್ನು ಹೇಳುವುದಿಲ್ಲ. ಮಾವ ಮುದ್ದೆ ಹಿಡಿದ ವಾರವೇ ಸಂಜೆಯ ಬೋಂಡ ಬಿಟ್ಟಿದ್ದರು, ಕಾಫಿಗೆ ಸಕ್ಕರೆ ನಿಲ್ಲಿಸಿದ್ದರು, ಪಾರ್ಕಿನಲ್ಲಿ ಮೂರು ಸುತ್ತು ಹೊಡೆಯಲು ಶುರು ಮಾಡಿದ್ದರು. ಇಷ್ಟೂ ಪುಣ್ಯ ಮುದ್ದೆಯ ಖಾತೆಗೆ ಜಮಾ. ಹಾಗಾಗಿ ಅನುಭವ ಹಂಚಿಕೊಂಡವರಿಗೆ ವಿನಯದಿಂದಲೇ ನಾಲ್ಕು ಪ್ರಶ್ನೆ ಹಾಕಿ: ಎಷ್ಟು ತಿಂದರು, ಯಾವುದನ್ನು ಬಿಟ್ಟು ತಿಂದರು, ಆಗ ಮಾತ್ರೆ ಬದಲಾಗಿತ್ತೇ, ರಕ್ತ ಪರೀಕ್ಷೆ ಯಾವಾಗ ಯಾವಾಗ ಮಾಡಿಸಿದರು. ಹದಿನೈದು ದಿನದಲ್ಲಿ ಎಚ್‌ಬಿಎ1ಸಿ ಎರಡು ಅಂಕ ಇಳಿಯಿತು ಎಂದರೆ ಅಲ್ಲೇನೋ ತಪ್ಪಿದೆ ಎಂದುಕೊಳ್ಳಿ, ಆ ರಕ್ತ ಪರೀಕ್ಷೆ ತೋರಿಸುವುದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು. ಉತ್ತರಿಸಬಲ್ಲವರ ಅನುಭವಕ್ಕೆ ಬೆಲೆ ಕೊಡಿ. ಪ್ರಶ್ನೆಗೇ ಸಿಟ್ಟಾದವರ ಫಾರ್ವರ್ಡನ್ನು ಅಲ್ಲಿಗೇ ಬಿಡಿ.

ಅವರಿವರ ಮಾತು ಬೇಡ, ನಿಮ್ಮ ಮನೆಯಲ್ಲೇ ನೋಡಬಹುದು. ಗ್ಲೂಕೋಮೀಟರ್ ಈಗ ಬೇಕಾದಷ್ಟು ಮನೆಗಳಲ್ಲಿದೆ, ಅದನ್ನು ಸರಿಯಾಗಿ ಬಳಸುವ ಮನೆ ಕಡಿಮೆ. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಎರಡು ಗಂಟೆಗೆ ಇನ್ನೊಮ್ಮೆ. ಊಟ ಮುಗಿಸಿ ಕೈ ತೊಳೆದ ಹೊತ್ತಿನಿಂದ ಎಣಿಸಬೇಡಿ. ಚುಚ್ಚುವ ಮುಂಚೆ ಸೋಪು ಹಾಕಿ ಕೈ ತೊಳೆದು ಒಣಗಿಸಿಕೊಳ್ಳಬೇಕು, ಮಾವಿನಹಣ್ಣು ಹೆಚ್ಚಿದ ಬೆರಳಿನಲ್ಲಿ ಮಾವಿನ ಸಕ್ಕರೆಯೂ ಮೀಟರಿಗೆ ಸೇರುತ್ತದೆ. ಮೂರು ದಿನ ಅನ್ನ, ಮೂರು ದಿನ ಮುದ್ದೆ. ಸಾರು ಅದೇ, ಪಲ್ಯ ಅದೇ, ಹೊತ್ತು ಅದೇ, ನಡಿಗೆ ಅಷ್ಟೇ. ಒಂದೇ ಸಲ ನಾಲ್ಕು ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ಬ್ರಹ್ಮನಿಗೂ ಗೊತ್ತಾಗದು.

ಫಲಿತಾಂಶ ಓದುವಾಗ ಇನ್ನೊಂದು ವಿಷಯ ನೆನಪಿರಲಿ. ಮನೆಯ ಮೀಟರುಗಳಿಗೆ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆಗೆ ಅವಕಾಶ ಕೊಟ್ಟಿದೆ. ನಿಜವಾದ ಸಕ್ಕರೆ 180 ಇದ್ದರೆ ಮೀಟರು 153 ಎಂದರೂ 207 ಎಂದರೂ ಅದು ಕೆಟ್ಟ ಮೀಟರಲ್ಲ. "ನಿನ್ನೆ 172, ಇವತ್ತು ಮೆಂತ್ಯ ನೀರು ಕುಡಿದೆ, 160" ಎಂದು ಗ್ರೂಪಿಗೆ ಫೋಟೋ ಹಾಕುವವರು ಮೆಂತ್ಯದ ಮಹಿಮೆಯನ್ನು ತೋರಿಸಿಲ್ಲ, ಮೀಟರಿನ ಅಲುಗಾಟವನ್ನು ತೋರಿಸಿದ್ದಾರೆ. ಮೂರು ದಿನವೂ 40, 50 ಅಂತರ ಒಂದೇ ದಿಕ್ಕಿಗೆ ಬಂದರೆ ಆಗ ಮಾತಾಡಬಹುದು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಗ್ರೂಪಿನ ಮಾತು ಕೇಳಿ ಅನ್ನ, ಮುದ್ದೆ ಎರಡನ್ನೂ ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಶುಗರ್ ವಿಪರೀತ ಕುಸಿಯಬಹುದು. ಬೆವರು, ನಡುಕ, ಮಂಪರು ಬಂದು ಮೀಟರು 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಊಟದ ಅಳತೆ ಬದಲಿಸುವ ಮುನ್ನ ಮಾತ್ರೆ ಬರೆದ ವೈದ್ಯರಿಗೆ ಹೇಳಿ. ಮಾತ್ರೆ ಬಿಡುವುದಂತೂ ಗ್ರೂಪಿನಲ್ಲಿ ಚರ್ಚಿಸುವ ವಿಷಯವೇ ಅಲ್ಲ.

ಗ್ರೂಪುಗಳಿಂದ ಪ್ರಯೋಜನವೇ ಇಲ್ಲವೇ? ಇದೆ, ಬಹಳ ಇದೆ. ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬರುತ್ತಿಲ್ಲವೆಂದರೆ ಪುಸ್ತಕಕ್ಕಿಂತ ಗ್ರೂಪೇ ವಾಸಿ. ಓವನ್ನಿನ ದೀಪ ಹಚ್ಚಿ ಒಳಗಿಡಿ, ಬಿಸಿನೀರಿನ ಪಾತ್ರೆಯ ಪಕ್ಕ ಮುಚ್ಚಿಡಿ ಎಂಬ ಸಲಹೆಗಳನ್ನು ಬೆಳಗಾಗುವುದರೊಳಗೆ ಪರೀಕ್ಷಿಸಬಹುದು, ತಪ್ಪಾದರೆ ಹೋಗುವುದು ಒಂದು ಪಾತ್ರೆ ಹಿಟ್ಟು. ಯಾವ ಗಿರಣಿಯಲ್ಲಿ ಹಿಟ್ಟು ಸುಡದಂತೆ ಬೀಸುತ್ತಾರೆ, ಗಾಂಧಿ ಬಜಾರಿನಲ್ಲಿ ಎಷ್ಟು ಹೊತ್ತಿಗೆ ಹೋದರೆ ತಾಜಾ ಸೊಪ್ಪು ಸಿಗುತ್ತದೆ, ಎಲ್ಲವೂ ಅಲ್ಲಿ ಸಿಗುವ ಚಿನ್ನದಂಥ ಮಾಹಿತಿ. ನಾಲಿಗೆಗೆ, ಕಣ್ಣಿಗೆ ತಕ್ಷಣ ತಪ್ಪು ಗೊತ್ತಾಗುವ ವಿಷಯದಲ್ಲಿ ನೆರೆಹೊರೆಯವರನ್ನು ಧೈರ್ಯವಾಗಿ ನಂಬಿ. ಬಿಪಿ, ಕಿಡ್ನಿ, ಕೊಲೆಸ್ಟ್ರಾಲ್ ಹಾಗಲ್ಲ. ಅವು ಕೆಡುವಾಗ ಸದ್ದು ಮಾಡುವುದಿಲ್ಲ.

ಕಿಡ್ನಿಯ ತೊಂದರೆ ಇರುವವರ ವಿಷಯದಲ್ಲಿ ಒಳ್ಳೆಯ ಸಲಹೆಯೇ ತಿರುಗುಬಾಣವಾಗುತ್ತದೆ. ಪೊಟ್ಯಾಸಿಯಂ ಮಿತಿಗೊಳಿಸಿ ಎಂದು ವೈದ್ಯರು ಹೇಳಿದ್ದರೆ, ಸೊಪ್ಪು ತರಕಾರಿಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲುವುದು ಒಂದು ಉಪಾಯ. ನಮ್ಮ ಬಸ್ಸಾರು ಮಾಡುವುದೇ ಆ ಬಸಿದ ನೀರಿನಲ್ಲಿ! ಉಳಿದವರಿಗೆ ಸಾರವೆಲ್ಲ ಉಳಿಯುವ ಅಡುಗೆ, ಇವರಿಗೆ ಅದೇ ಬೇಡದ್ದು. ಪಲ್ಯ ತಿನ್ನಲಿ, ಸಾರು ಬೇರೆ ಮಾಡಿ. "ತಂಪು, ಏನೂ ಆಗಲ್ಲ" ಎಂದು ಕೊಡುವ ಒಂದು ಎಳನೀರಿನಲ್ಲಿ ಸುಮಾರು 500ರಿಂದ 700 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ.

ಅಳತೆ ಕೇಳುವ ಪ್ರಶ್ನೆಯೇ ಇಲ್ಲದ ಕೆಲವೂ ಇವೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೂಬಾರದು, ಬಾಟ್ಯುಲಿಸಂ ಬರಿಸುವ ಬೀಜಾಣುಗಳು ಅದರಲ್ಲಿರಬಹುದು. ಕಿಡ್ನಿ ರೋಗಿಗಳಿಗೆ ಧಾರೆಹುಳಿ (ಸ್ಟಾರ್ ಫ್ರೂಟ್) ಬೇಡ, ಅದರಲ್ಲಿರುವ ವಿಷಾಂಶ ನೇರ ಮಿದುಳಿಗೆ ತಟ್ಟುತ್ತದೆ. ಬೆಳಗಿನ ಸೋರೆಕಾಯಿ ಜ್ಯೂಸಿನವರು ರುಬ್ಬುವ ಮುಂಚೆ ಒಂದು ಚೂರು ಬಾಯಿಗಿಟ್ಟು ನೋಡಲೇಬೇಕು. ಕಹಿಯಿದ್ದರೆ ಇಡೀ ಕಾಯಿ ಎಸೆಯಬೇಕು, ನಿಂಬೆಹಣ್ಣು ಹಿಂಡಿ ಕಹಿ ಮುಚ್ಚಬಾರದು. ಕಹಿ ಸೋರೆಕಾಯಿಯ ರಸ ಕುಡಿದು ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ್ದ ತಜ್ಞರ ಸಮಿತಿ ಹೇಳಿದ್ದೂ ಇದನ್ನೇ. "ಕಹಿ ಇದ್ದಷ್ಟೂ ಶುಗರ್‌ಗೆ ಒಳ್ಳೆಯದು" ಎನ್ನುವವರು ಹಾಗಲಕಾಯಿಯ ಮಾತನ್ನು ಸೋರೆಕಾಯಿಗೆ ಅಂಟಿಸುತ್ತಿದ್ದಾರೆ.

ನವಣೆಯನ್ನು ದಿನವೂ ಹೊಗಳುವವರೇ ಭಾನುವಾರ ನವಣೆ ಬಿಸ್ಕತ್ತಿನ ಆರ್ಡರ್ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನೂ ಗಮನಿಸಿ. ಮಾರಾಟ ತಪ್ಪಲ್ಲ, ಆದರೆ ಪೊಟ್ಟಣ ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರಬೇಕು ಎಂಬುದು ನಿಯಮ. ಮೊದಲ ಹೆಸರು ಮೈದಾ, ಎರಡನೆಯದು ಬೆಲ್ಲ ಎಂದಿದ್ದರೆ ಅದು ಬೆಲ್ಲದ ಮೈದಾ ಬಿಸ್ಕತ್ತು, ನವಣೆಯ ಚಿತ್ರ ಎಷ್ಟೇ ದೊಡ್ಡದಿರಲಿ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು, ಇದ್ದರೆ ಅವರು ನೋಂದಾಯಿಸಿದ್ದಾರೆ ಎಂದಷ್ಟೇ ಅರ್ಥ, ಬಿಸ್ಕತ್ತು ಶುಗರ್ ಇಳಿಸುತ್ತದೆ ಎಂದಲ್ಲ.

ಯಾವ ಸಲಹೆಯನ್ನಾದರೂ ಮನೆಯ ಅಳತೆಗೆ ಇಳಿಸಿಕೊಳ್ಳುವುದು ಕಷ್ಟವಲ್ಲ. ಉಪ್ಪನ್ನೇ ತೆಗೆದುಕೊಳ್ಳಿ. ಗ್ರೂಪಿನಲ್ಲಿ ಸೈಂಧವ ಉಪ್ಪೋ ಪುಡಿ ಉಪ್ಪೋ ಎಂದು ಜಗಳ. ಎರಡೂ ಬಹುಪಾಲು ಸೋಡಿಯಂ ಕ್ಲೋರೈಡೇ, ಸೈಂಧವದಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬ ವಯಸ್ಕರಿಗೆ ದಿನಕ್ಕೆ 5 ಗ್ರಾಮಿನೊಳಗೆ. ದೊಡ್ಡವರೇ ನಾಲ್ಕು ಜನರಿರುವ ಮನೆಗೆ ದಿನಕ್ಕೆ 20 ಗ್ರಾಂ, ಅಂದರೆ ಒಂದು ಕೆಜಿ ಪೊಟ್ಟಣ ಕಡಿಮೆಯೆಂದರೂ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಹೊರಗಿನ ತಿಂಡಿಯ ಉಪ್ಪು ಇದರ ಮೇಲೆ ಸೇರುವುದರಿಂದ ನಿಜಕ್ಕೂ ಇನ್ನಷ್ಟು ದಿನ ಬರಬೇಕು. ಮುಂದಿನ ಪೊಟ್ಟಣ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಮೂವತ್ತನೇ ದಿನಕ್ಕೇ ಖಾಲಿಯಾದರೆ ಒಳಗಿದ್ದದ್ದು ಗುಲಾಬಿ ಬಣ್ಣದ್ದೋ ಬಿಳಿಯದೋ ಎಂದು ಗ್ರೂಪಿನಲ್ಲಿ ಕೇಳುವ ಅಗತ್ಯ ಇರುವುದಿಲ್ಲ.