ಜಡಿಮಳೆಯಲ್ಲಿ ಕಳೆದುಹೋಗುವ ಅಂಗಳ: ಅಂಧತೆ, ಭಯ, ಸಂವೇದನಾ ಅಭಾವ

ವಿಶೇಷ ಶಿಕ್ಷಣ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಮೊನ್ನೆ ಒಟ್ಟಿಗೆ ಕೂತು ಓದುವಾಗ ಒಬ್ಬಳು ಕೇಳಿದಳು: "ಕಣ್ಣು ಕಾಣದವರಿಗೆ ಯಾವಾಗಲೂ ಕತ್ತಲೆ ಅಲ್ಲವಾ, ಹಾಗಾದರೆ ಸದಾ ಹೆದರಿಕೆ ಆಗುವುದಿಲ್ಲವಾ?" ಪ್ರಶ್ನೆಯ ಮೊದಲರ್ಧದಲ್ಲೇ ತಪ್ಪು ಉಂಟು. ಹುಟ್ಟಿನಿಂದ ಏನೂ ಕಾಣದವರಿಗೆ ಕಪ್ಪು ಕೂಡ ಕಾಣುವುದಿಲ್ಲ. ನಿಮ್ಮ ಬೆನ್ನ ಹಿಂದೆ ಈಗ ಏನು ಕಾಣುತ್ತಿದೆ? ಕತ್ತಲೆಯೂ ಇಲ್ಲ, ಅಲ್ಲಿ ನೋಟವೇ ಇಲ್ಲ. ಇನ್ನು ಅಂಧರೆನಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಬೆಳಕೋ ನೆರಳೋ ಅಷ್ಟಿಷ್ಟು ತಿಳಿಯುತ್ತದೆ.

ಪಾಠಪುಸ್ತಕಕ್ಕಿಂತ ಮೊದಲು ಇದನ್ನು ನನಗೆ ಕಲಿಸಿದ್ದು ದೊಡ್ಡಪ್ಪ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾದಿಂದ ನಡುವಯಸ್ಸಿನಲ್ಲಿ ಅವರ ದೃಷ್ಟಿ ಹೋಯಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಮನೆ, ಸುತ್ತ ಅಡಿಕೆ ತೋಟ, ತೋಡಿಗೊಂದು ಸಂಕ, ಅಂದರೆ ಕಾಲುಸೇತುವೆ. ಆ ಸಂಕವನ್ನು ಅವರು ಇರುಳಲ್ಲೂ ಸಲೀಸಾಗಿ ದಾಟುತ್ತಾರೆ. ಹೆದರುವುದು ಆಟಿ ತಿಂಗಳ ಜಡಿಮಳೆಗೆ. ಸಣ್ಣ ಮಳೆ ಅವರಿಗೆ ಪ್ರೀತಿ. ಬಾಳೆ ಎಲೆಗೆ ಬಿದ್ದರೆ ಒಂದು ಸದ್ದು, ಹಂಚಿಗೆ ಇನ್ನೊಂದು, ಉದುರಿದ ಅಡಿಕೆ ಹಾಳೆಯ ಮೇಲೆ ಮತ್ತೊಂದು. ಅಂಗಳದ ಮೂಲೆಮೂಲೆಯೂ ಅವರಿಗೆ ಗೊತ್ತಾಗುತ್ತದೆ. ಮಳೆ ಬಲವಾಗಿ ಶೀಟಿನ ಮಾಡಿಗೆ ಹೊಯ್ಯತೊಡಗಿದರೆ ಎಲ್ಲ ಒಂದೇ ಮೊರೆತ. "ಈಗ ನನಗೆ ಕಣ್ಣು ಕಾಣುವುದಿಲ್ಲ" ಎಂದು ಅವರು ಹೇಳುವುದು ಆಗ ಮಾತ್ರ.

ಈ ಮಾತನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂವೇದನಾ ಅಭಾವದ ಪ್ರಯೋಗದ, ಅಂದರೆ ಇಂದ್ರಿಯಗಳಿಗೆ ಅರ್ಥವುಳ್ಳ ಸುಳಿವು ಸಿಗದಂತೆ ಮಾಡಿ ನೋಡಿದ ಪ್ರಯೋಗದ, ಪಕ್ಕದಲ್ಲಿಟ್ಟು ಓದಿ. 1950ರ ದಶಕದ ಆರಂಭದಲ್ಲಿ ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಅವರ ತಂಡ ವಿದ್ಯಾರ್ಥಿಗಳಿಗೆ ದಿನಕ್ಕೆ 20 ಡಾಲರ್ ಕೊಟ್ಟು ಸುಮ್ಮನೆ ಮಲಗಿಸಿತು. ಕೈಗೆ ಗವಸು, ತಲೆಗೆ ಫೋಮ್ ದಿಂಬು, ಕಿವಿಯಲ್ಲಿ ಯಂತ್ರದ ಏಕತಾನದ ಗುಂಯ್‌ಗುಡುವಿಕೆ. ಹೆಚ್ಚಿನವರು ಎರಡು ಮೂರು ದಿನಕ್ಕಿಂತ ಹೆಚ್ಚು ತಾಳಲಿಲ್ಲ. ಹಲವರಿಗೆ ಇಲ್ಲದ ದೃಶ್ಯಗಳು ಕಂಡವು. ಇಲ್ಲಿ ಅನೇಕರು ಗಮನಿಸದೆ ಬಿಡುವ ಸಂಗತಿ: ಅವರ ಕಣ್ಣಿಗೆ ಕಟ್ಟಿದ್ದು ಕಪ್ಪು ಬಟ್ಟೆಯಲ್ಲ, ಬೆಳಕು ಒಳಬಿಡುವ ಮಬ್ಬು ಕನ್ನಡಕ. ಬೆಳಕಿತ್ತು, ಅದರಲ್ಲಿ ಆಕಾರ ಇರಲಿಲ್ಲ. ಸದ್ದಿತ್ತು, ಅದರಲ್ಲಿ ಭೇದ ಇರಲಿಲ್ಲ. ಶೀಟಿನ ಮೇಲಿನ ಮಳೆಯೂ ಹೀಗೆಯೇ. ಆದ್ದರಿಂದ "ಅಂಧತೆ ಎಂದರೆ ಸಂವೇದನಾ ಅಭಾವ" ಎಂದು ಪರೀಕ್ಷೆಯಲ್ಲಿ ದಯವಿಟ್ಟು ಬರೆಯಬೇಡಿ. ಕಿವಿ, ಪಾದ, ಮೂಗು, ಮೈಗೆ ತಾಗುವ ಗಾಳಿ ಕೆಲಸ ಮಾಡುತ್ತಿರುವವರೆಗೆ ಆ ಲೋಕ ತುಂಬಿಯೇ ಇರುತ್ತದೆ.

ಗೋಡೆ ಹತ್ತಿರವಾದದ್ದು ಮುಟ್ಟದೆಯೇ ಹೇಗೆ ತಿಳಿಯುತ್ತದೆ? ಮುಖದ ಚರ್ಮದಿಂದ ಎಂದು ಹಿಂದೆ ನಂಬಿದ್ದರು, ಅದಕ್ಕೆ "ಮುಖದೃಷ್ಟಿ" ಎಂಬ ಹೆಸರೂ ಇತ್ತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸೂಪಾ, ಕಾಟ್ಜಿನ್, ಡಾಲೆನ್‌ಬಾಕ್ 1944ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಿಡಿಸಿತು. ಮುಖ ಮುಚ್ಚಿದರೂ ಗೋಡೆ ತಿಳಿಯಿತು, ಕಿವಿ ಮುಚ್ಚಿದಾಗ ಹೋಗಿ ಢಿಕ್ಕಿ ಹೊಡೆದರು. ಹೆಜ್ಜೆಯ ಸದ್ದಿನ ಮರುದನಿಯೇ ದಾರಿ ತೋರುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದೃಷ್ಟಿವಂತರೂ ಅಭ್ಯಾಸದಿಂದ ಇದನ್ನು ಕಲಿತರು.

ಇದು ಗೊತ್ತಾದ ಮೇಲೆಯೇ ಕುಂಬಳೆ ಪೇಟೆಯಲ್ಲಿ ದೊಡ್ಡಪ್ಪ ಕಂಗಾಲಾದದ್ದು ನನಗೆ ಅರ್ಥವಾಯಿತು. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವಾಗ ಅವರ ಹಳೆಯ ಗುರುತುಗಳೆಲ್ಲ ಹೋದವು. ಬಸ್ಸಿಳಿದು ಹೋಟೆಲಿನ ಎಣ್ಣೆ ವಾಸನೆ, ಆಮೇಲೆ ಮರದ ತಂಪು, ಆಮೇಲೆ ತಿರುವು ಎಂಬ ಲೆಕ್ಕ ಇತ್ತು. ಅಲ್ಲಿ ಈಗ ಉದ್ದಕ್ಕೆ ಕಾಂಕ್ರೀಟು. ಕೋಲು ಹಿಡಿದು ನಿಂತಲ್ಲೇ ನಿಂತರು, ಅಂಗೈ ಬೆವತಿತ್ತು. ಅಷ್ಟರಲ್ಲಿ ಯಾರೋ ಸಹಾಯ ಮಾಡಲೆಂದು ಮಾತೇ ಆಡದೆ ತೋಳು ಹಿಡಿದು ಎಳೆದರು. ರಸ್ತೆಗಿಂತ ಹೆಚ್ಚು ಹೆದರಿಸಿದ್ದು ಆ ಕೈ ಎಂದು ದೊಡ್ಡಪ್ಪ ಹೇಳುತ್ತಾರೆ. ಸದ್ದಿಲ್ಲದೆ ಬರುವ ಎಲೆಕ್ಟ್ರಿಕ್ ಆಟೋ ಬಗ್ಗೆಯೂ ಇದೇ ದೂರು. ಮೊದಲು ಮಾತಾಡಿ, ನಿಮ್ಮ ತೋಳನ್ನು ಅವರು ಹಿಡಿಯಲಿ.

ತರಬೇತಿಗಳಲ್ಲಿ ಹತ್ತು ನಿಮಿಷ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಸಿಗುವುದು ದೃಷ್ಟಿ ಕಳಕೊಂಡ ಮೊದಲ ಹತ್ತು ನಿಮಿಷದ ಗಾಬರಿ ಮಾತ್ರ. ಸ್ವತಃ ಅಂಧರಾದ ಮನೋವಿಜ್ಞಾನಿ ಏರಿಯಲ್ ಸಿಲ್ವರ್‌ಮನ್ ಅವರ ಅಧ್ಯಯನಗಳಲ್ಲಿ, ಹಾಗೆ ನಡೆದವರು ಅಂಧರ ಸಾಮರ್ಥ್ಯವನ್ನು ಇನ್ನೂ ಕಡಿಮೆ ಎಂದೇ ಎಣಿಸಿದರು.

ಕೊನೆಗೆ ಕನಸು. ಡೆನ್ಮಾರ್ಕಿನಲ್ಲಿ 50 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಟ್ಟು ಅಂಧರ ಕನಸುಗಳ ಪೈಕಿ ಸುಮಾರು ಶೇ. 25 ದುಃಸ್ವಪ್ನಗಳು, ದೃಷ್ಟಿವಂತರಲ್ಲಿ ಅದು ಶೇ. 6. ದಾರಿ ತಪ್ಪುವುದು, ಬೀಳುವುದು, ವಾಹನ ಬಡಿಯುವುದು, ಹೀಗೆ ಹಗಲಿನ ಅಪಾಯಗಳೇ ಅಲ್ಲಿಗೂ ಬರುತ್ತವೆ. ಮಾದರಿ ಸಣ್ಣದು, ಉತ್ತರದಲ್ಲಿ ಅದನ್ನೂ ಬರೆಯಿರಿ. ನಡುವೆ ದೃಷ್ಟಿ ಹೋದವರಲ್ಲಿ ಪ್ರಮಾಣ ಶೇ. 7ರಷ್ಟೇ, ಮತ್ತು ಅವರ ಕನಸಿನಲ್ಲಿ ನೋಟ ಉಳಿದಿರುತ್ತದೆ. ದೊಡ್ಡಪ್ಪನಿಗೆ ಈಗಲೂ ಕನಸಿನಲ್ಲಿ ಕುಂಬಳೆ ಕಾಣುತ್ತದಂತೆ, ಆ ಮರದ ಸಮೇತ.