ಬಿಸಿಯಾದರೆ ಕಾಡಿನ ಮಣ್ಣೂ ಇಂಗಾಲ ಬಿಡುತ್ತದೆಯೇ?

ಓದುಗರ ಪ್ರಶ್ನೆ: ಮರಗಳು ಇಂಗಾಲ ಹೀರಿಕೊಳ್ಳುತ್ತವೆ, ಅದಕ್ಕೇ ಕಾಡು ಬೆಳೆಸಬೇಕು ಅಂತ ಓದಿದ್ದೇವೆ. ಈಗ ನೋಡಿದರೆ, ಭೂಮಿ ಬಿಸಿಯಾದಂತೆ ಕಾಡಿನ ಮಣ್ಣೇ ಇಂಗಾಲ ಬಿಡುತ್ತದೆ ಅಂತಾರೆ. ಎರಡೂ ಹೇಗೆ ನಿಜವಾಗುತ್ತದೆ?

ಎರಡೂ ನಿಜವೇ. ಮರ ಮಾಡುವ ಕೆಲಸ ಬೇರೆ, ಅದರ ಬುಡದ ಮಣ್ಣಿನಲ್ಲಿ ನಡೆಯುವ ಕೆಲಸ ಬೇರೆ. ಕಾಡಿಗೆ ಹೋದಾಗ ನಾವು ತಲೆ ಎತ್ತಿ ಮರ ನೋಡುತ್ತೇವೆ. ಕಾಲಡಿಯ ಮಣ್ಣನ್ನು ನೋಡುವವರು ಕಡಿಮೆ. ಆದರೆ ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲೇ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲ ಕೂತಿದೆ. ಇಡೀ ವಾತಾವರಣದಲ್ಲಿ ಈಗಿರುವುದು 1 ಲಕ್ಷ ಕೋಟಿ ಟನ್ನಿಗೂ ಕಡಿಮೆ.

ಈ ಇಂಗಾಲ ಬಂದದ್ದು ಮರದಿಂದಲೇ. ಎಲೆ ಉದುರುತ್ತದೆ, ಬೇರು ಸಾಯುತ್ತದೆ. ಅದನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ತಿನ್ನುತ್ತವೆ. ತಿಂದದ್ದರಲ್ಲಿ ಒಂದು ಪಾಲು ಅವುಗಳ ಉಸಿರಾಗಿ, ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಗೆ ಹೋಗುತ್ತದೆ. ಉಳಿದದ್ದು ಮಣ್ಣಿನಲ್ಲೇ ಸೇರಿಕೊಂಡು ವರ್ಷಗಟ್ಟಲೆ, ಕೆಲವೊಮ್ಮೆ ಶತಮಾನಗಟ್ಟಲೆ ಇರುತ್ತದೆ.

ಬಿಸಿ ಏನು ಮಾಡುತ್ತದೆ ಅನ್ನುವುದು ಇಡ್ಲಿ ಮಾಡುವವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಪಾತ್ರೆಯಿಂದ ಹೊರಗೆ ಬಂದಿರುತ್ತದೆ. ಚಳಿಗಾಲದಲ್ಲಿ ಅದೇ ಹಿಟ್ಟು ಇಟ್ಟಲ್ಲೇ ಇರುತ್ತದೆ. ಹಿಟ್ಟು ಉಬ್ಬುವುದು ಅದರೊಳಗಿನ ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡಿನಿಂದಲೇ. ಕಾಡಿನ ಮಣ್ಣಿನಲ್ಲಿರುವ ಜೀವಿಗಳು ಬೇರೆ ಜಾತಿಯವು, ಆದರೆ ಬಿಸಿ ಹೆಚ್ಚಿದರೆ ಅವೂ ಚುರುಕಾಗುತ್ತವೆ.

ಇದನ್ನು ನಿಜವಾದ ಕಾಡಿನಲ್ಲೇ, ಅದೂ ಹಲವು ದಶಕ ಪಟ್ಟು ಹಿಡಿದು ಪರೀಕ್ಷೆ ಮಾಡಿದವರಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಾರ್ವರ್ಡ್ ಫಾರೆಸ್ಟ್ ಅನ್ನುವ ಸಂಶೋಧನಾ ಕಾಡಿದೆ. 1991ರಲ್ಲಿ ಜೆರ್ರಿ ಮೆಲಿಲ್ಲೊ ಮತ್ತು ಅವರ ತಂಡ ಅಲ್ಲಿ 6 ಮೀಟರ್ ಉದ್ದ, 6 ಮೀಟರ್ ಅಗಲದ ಚೌಕಗಳನ್ನು ಗುರುತು ಮಾಡಿ, 10 ಸೆಂಟಿಮೀಟರ್ ಆಳದಲ್ಲಿ ವಿದ್ಯುತ್ ತಂತಿ ಹೂತರು. ಮಣ್ಣು ಸುತ್ತಲಿನದಕ್ಕಿಂತ ಯಾವಾಗಲೂ 5 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬೆಚ್ಚಗಿರಬೇಕು, ಅಷ್ಟೇ. ಚಳಿಗಾಲದಲ್ಲಿ ಸುತ್ತ ಹಿಮ ಬಿದ್ದಿದ್ದರೂ ಈ ಚೌಕಗಳು ಮಾತ್ರ ಬರಿದಾಗಿ ಕಾಣುತ್ತವೆ.

ನನಗೆ ತುಂಬಾ ಹಿಡಿಸಿದ್ದು ಅವರ ಒಂದು ಎಚ್ಚರಿಕೆ. ತಂತಿ ಹೂಳಲು ಮಣ್ಣು ಕತ್ತರಿಸಬೇಕಲ್ವಾ? ಕೆದಕಿದ ಮಣ್ಣು ಹೇಗೂ ಇಂಗಾಲ ಬಿಡುತ್ತದೆ. ಹಾಗಾಗಿ ಕೆಲವು ಚೌಕಗಳಲ್ಲಿ ತಂತಿ ಹೂತು ಕರೆಂಟ್ ಕೊಡಲೇ ಇಲ್ಲ. ಇನ್ನು ಕೆಲವನ್ನು ಮುಟ್ಟಲೇ ಇಲ್ಲ. ಮೂರನ್ನೂ ಹೋಲಿಸಿದಾಗಲೇ ಬಿಸಿಯ ಪಾಲು ಎಷ್ಟು ಅಂತ ಬೇರೆಯಾಗಿ ತಿಳಿಯುವುದು.

ಮೊದಲ ಹತ್ತು ವರ್ಷ ಬಿಸಿ ಚೌಕಗಳಿಂದ ಇಂಗಾಲ ಜಾಸ್ತಿ ಹೊರಬಂತು. ಆಮೇಲೆ ಏಳು ವರ್ಷ ಬಿಸಿ ಮಣ್ಣಿಗೂ ಸಾಮಾನ್ಯ ಮಣ್ಣಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ‘ಮಣ್ಣು ಬಿಸಿಗೆ ಹೊಂದಿಕೊಂಡಿತು, ಚಿಂತೆಯಿಲ್ಲ’ ಅಂತ ಬರೆದು ಮುಗಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ. ನಂತರದ ಆರು ವರ್ಷ ಮತ್ತೆ ಇಂಗಾಲ ಹೊರಗೆ ಬಂತು. 2014ರಿಂದ ಆ ಹೆಚ್ಚುವರಿ ಇಂಗಾಲ ಬರುವುದು ಪುನಃ ನಿಂತಿತು. 26 ವರ್ಷಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು: ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲಿದ್ದ ಇಂಗಾಲದಲ್ಲಿ 17% ಕಳೆದುಹೋಗಿತ್ತು.

ಹೀಗೆ ನಿಂತು ನಿಂತು ಹೊರಬರುವುದು ಏಕೆ? ಮೊದಲು ಸುಲಭವಾಗಿ ಜೀರ್ಣವಾಗುವ ಭಾಗ ಖಾಲಿಯಾಗುತ್ತದೆ. ಆಹಾರ ಕಡಿಮೆಯಾದಾಗ ಸೂಕ್ಷ್ಮಜೀವಿಗಳೂ ಕಡಿಮೆಯಾಗುತ್ತವೆ. ಆ ಹೊತ್ತಿಗೆ ಮಣ್ಣಿನೊಳಗಿನ ಸಂಸಾರವೇ ಬದಲಾಗುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ನಂಥ ಕಠಿಣ ವಸ್ತುವನ್ನೂ ಒಡೆಯಬಲ್ಲ ಜೀವಿಗಳ ಕೈ ಮೇಲಾಗುತ್ತದೆ. ಆಗ, ಇದು ಕರಗುವುದಿಲ್ಲ ಅಂದುಕೊಂಡಿದ್ದ ಇಂಗಾಲಕ್ಕೂ ಕೈ ಬೀಳುತ್ತದೆ. ನಡುವಿನ ಮೌನದ ವರ್ಷಗಳನ್ನು ನೋಡಿ ಸಮಾಧಾನಪಡುವುದು ಎಷ್ಟು ತಪ್ಪು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮರಗಳು ಏನೂ ಮಾಡುವುದಿಲ್ಲವೇ? ಮಾಡುತ್ತವೆ. ಕೊಳೆಯುವಿಕೆ ಹೆಚ್ಚಾದಾಗ ಮಣ್ಣಿನ ಸಾರಜನಕವೂ ಬಿಡುಗಡೆಯಾಗುತ್ತದೆ, ಅದು ಮರಕ್ಕೆ ಗೊಬ್ಬರ. ಅದೇ ಕಾಡಿನಲ್ಲಿ 30 ಮೀಟರ್ ಅಗಲದ ದೊಡ್ಡ ಚೌಕವನ್ನು ಬಿಸಿ ಮಾಡಿದಾಗ ಮರಗಳು ಜೋರಾಗಿ ಬೆಳೆದು, ಮಣ್ಣು ಕಳೆದುಕೊಂಡ ಇಂಗಾಲದ ಒಂದು ಪಾಲನ್ನು ತುಂಬಿಕೊಟ್ಟವು. ಒಂದು ಪಾಲು ಮಾತ್ರ.

ಆಳದ ಮಣ್ಣು ಸುರಕ್ಷಿತ ಅನ್ನುವ ನಂಬಿಕೆಯೂ ಉಳಿದಿಲ್ಲ. ಕ್ಯಾಲಿಫೋರ್ನಿಯಾದ ಬ್ಲಾಜೆಟ್ ಕಾಡಿನಲ್ಲಿ ಒಂದು ಮೀಟರ್ ಆಳದವರೆಗೆ 4 ಡಿಗ್ರಿ ಬಿಸಿ ಮಾಡಿದಾಗ ಮಣ್ಣಿನ ಉಸಿರು 34ರಿಂದ 37% ಹೆಚ್ಚಿತು. ಕೆಳಗಿನ ಪದರಗಳೂ ಮೇಲಿನವುಗಳಂತೆಯೇ ಬಿಸಿಗೆ ಸ್ಪಂದಿಸಿದವು.

ನಮ್ಮ ಹವೆಗೆ ಹತ್ತಿರದ್ದು ಮಧ್ಯ ಅಮೆರಿಕದ ಪನಾಮಾದ ಪ್ರಯೋಗ. ಉಷ್ಣವಲಯದ ಮಣ್ಣು ಮೊದಲೇ ಬಿಸಿ, ಇನ್ನಷ್ಟು ಬಿಸಿಯಾದರೆ ದೊಡ್ಡ ವ್ಯತ್ಯಾಸ ಆಗಲಾರದು ಅಂತ ಅಂದುಕೊಂಡವರು ಬಹಳ ಮಂದಿ. ಬ್ಯಾರೊ ಕೊಲರಾಡೊ ದ್ವೀಪದಲ್ಲಿ ಎರಡು ವರ್ಷ 4 ಡಿಗ್ರಿ ಜಾಸ್ತಿ ಇಟ್ಟಾಗ ಹೊರಬಂದ ಇಂಗಾಲದ ಡೈಆಕ್ಸೈಡ್ 55% ಹೆಚ್ಚಾಯಿತು. ಇದು 2020ರಲ್ಲಿ ಪ್ರಕಟವಾದ ಫಲಿತಾಂಶ. ಹಾಗಂತ ಆ ಅಂಕಿಯನ್ನು ಸುಮ್ನೆ ತಂದು ನಮ್ಮ ಪಶ್ಚಿಮ ಘಟ್ಟಕ್ಕೆ ಅಂಟಿಸಬೇಡಿ. ಮಣ್ಣು ಬೇರೆ, ಮಳೆಯ ರೀತಿ ಬೇರೆ. ನಮ್ಮಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲದೆ ಮಣ್ಣು ಒಣಗುತ್ತದೆ. ಒಣ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಮಂಕಾಗಿರುತ್ತವೆ, ಮೊದಲ ಮಳೆ ಬಿದ್ದ ಕೂಡಲೇ ಎದ್ದು ಒಮ್ಮೆಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಎರಡು ವರ್ಷ ಚಿಕ್ಕ ಅವಧಿ ಅನ್ನುವುದನ್ನೂ ಹಾರ್ವರ್ಡ್ ಫಾರೆಸ್ಟ್ ನೋಡಿದ ಮೇಲೆ ಮರೆಯುವಂತಿಲ್ಲ.

ಇನ್ನು ಕಾಡು ಬೆಳೆಸುವ ಮಾತು. ಖಂಡಿತ ಬೆಳೆಸಿ. ಆದರೆ ಹಳೆಯ ಕಾಡು ಕಡಿದು, ಅಷ್ಟೇ ಜಾಗದಲ್ಲಿ ಬೇರೆ ಕಡೆ ಸಸಿ ನೆಟ್ಟರೆ ಸರಿಹೋಯಿತು ಅನ್ನುವುದನ್ನು ಮಾತ್ರ ಒಪ್ಪಬೇಡಿ. ನೆರಳು ಹೋದ ಮಣ್ಣು ಬಿಸಿಲಿಗೆ ಬೀಳುತ್ತದೆ, ಯಂತ್ರ ಓಡಾಡಿ ಕೆದಕಿಹೋಗುತ್ತದೆ, ಮೇಲೆ ಹೊಸ ತರಗೆಲೆಯೂ ಬೀಳುವುದಿಲ್ಲ. ಅಲ್ಲಿ ನೂರಾರು ವರ್ಷಗಳಲ್ಲಿ ಸೇರಿದ್ದ ಇಂಗಾಲ ಕೆಲವೇ ವರ್ಷಗಳಲ್ಲಿ ಹೋಗಲು ಶುರುವಾಗುತ್ತದೆ. ಸಸಿ ಆಗಿನ್ನೂ ಮೊಣಕಾಲೆತ್ತರ ಇರುತ್ತದೆ.